ಸಾನ್ ಸೆಬಾಸ್ಟಿಯನ್: ಅತಿಥಿಗಳೇ ಬೆಳೆಸಿದ ಊರಿಗೆ ಅತಿಥಿಗಳೇ ಭಾರ ಆದ್ರೆ?

ಸ್ಪೇನ್‌ನ ಉತ್ತರ ಕರಾವಳಿಯಲ್ಲಿರೋ ಈ ಪುಟ್ಟ ನಗರಕ್ಕೆ ಹೋಗೋದು ಹೇಗೆ, ಏನು ನೋಡಬೇಕು, ಸಸ್ಯಾಹಾರಿಗಳು ಏನು ತಿನ್ನಬಹುದು? ಅಲ್ಲಿನ ಜನ ಪ್ರವಾಸಿಗರನ್ನ ಕಂಡ್ರೆ ಯಾಕೆ ಸುಸ್ತಾಗಿದ್ದಾರೆ? ಸಂಚಿಕೆಯ ಬರಹ ರೂಪ ಇಲ್ಲಿದೆ.



ಬೆಂಗಳೂರಿನ ಕೆಫೆಗಳ ಮೆನುವಿನಲ್ಲಿ 'ಬಾಸ್ಕ್ ಚೀಸ್‌ಕೇಕ್' ಅಂತ ನೀವು ನೋಡಿರ್ತೀರಿ. ಮೇಲ್ಗಡೆ ಸೀದು ಕರ್ರಗಾಗಿರುತ್ತೆ, ಒಳಗಡೆ ಮೆತ್ತಗೆ, ಇನ್ನೇನು ಹರಿದುಬಿಡುತ್ತೆ ಅನ್ನೋ ಹಾಗಿರುತ್ತೆ. ಆ ಕೇಕ್ ಹುಟ್ಟಿದ್ದು ಒಂದು ಸಣ್ಣ ಬಾರಿನಲ್ಲಿ. ಬಾರಿನ ಹೆಸರು ಲಾ ವಿನ್ಯಾ. ಅಲ್ಲಿನ ಅಡುಗೆಯವರು ಸಾಂತಿಯಾಗೊ ರಿವೇರಾ ಸುಮಾರು ಮೂರು ದಶಕಗಳ ಹಿಂದೆ ಚೀಸ್, ಮೊಟ್ಟೆ, ಸಕ್ಕರೆ, ಕೆನೆ, ಚೂರು ಮೈದಾ ಇಷ್ಟನ್ನೇ ಹಾಕಿ ಜೋರು ಉರಿಯಲ್ಲಿ ಬೇಯಿಸಿ ತೆಗೆದ ಸಿಹಿ ಅದು. ಈಗ ಟೋಕಿಯೊದಿಂದ ಬೆಂಗಳೂರಿನವರೆಗೂ ಎಲ್ಲ ಕಡೆ ಸಿಗುತ್ತೆ.

ಆ ಬಾರ್ ಇರೋ ಊರು ಸಾನ್ ಸೆಬಾಸ್ಟಿಯನ್. ಫ್ರಾನ್ಸ್ ಗಡಿಯಿಂದ ಬರೀ 20 ಕಿಲೋಮೀಟರ್ ದೂರ. ಜನಸಂಖ್ಯೆ ಎರಡು ಲಕ್ಷಕ್ಕಿಂತ ಕಡಿಮೆ, ಅಂದ್ರೆ ನಮ್ಮ ಲೆಕ್ಕದಲ್ಲಿ ಒಂದು ಸಾಧಾರಣ ಜಿಲ್ಲಾ ಕೇಂದ್ರದಷ್ಟು. ಆದ್ರೆ ಇನ್‌ಸ್ಟಾಗ್ರಾಮ್‌ನಲ್ಲಿ 'ಯುರೋಪಿನ ಅತಿ ಸುಂದರ ಬೀಚ್ ಸಿಟಿ' ಅಂತೆಲ್ಲ ರೀಲ್ಸ್ ಬರ್ತಾ ಇರುತ್ತಲ್ಲ, ಅದರಲ್ಲಿ ಇದು ಇದ್ದೇ ಇರುತ್ತೆ.

ಈ ಸಂಚಿಕೆಯಲ್ಲಿ ಆ ಊರಿಗೆ ಹೋಗೋದು ಹೇಗೆ ಅಂತ ಹೇಳ್ತೀವಿ. ಜೊತೆಗೆ ಒಂದು ಪ್ರಶ್ನೆನೂ ಇಟ್ಕೊಂಡಿದೀವಿ. ಹೊರಗಿನಿಂದ ಬಂದವರ ದುಡ್ಡಿನಿಂದಲೇ ಬೆಳೆದ ಊರಿದು. ಇವತ್ತು ಅದೇ ಊರಲ್ಲಿ ಹುಟ್ಟಿದವರಿಗೆ ಮನೆ ಸಿಗ್ತಿಲ್ಲ. ಹೀಗಿರೋವಾಗ ಅಲ್ಲಿಗೆ ಹೋಗೋರು ಹೇಗೆ ಹೋಗಬೇಕು?

ಎರಡು ಹೆಸರು, ಒಬ್ಬನೇ ಸಂತ

ಮೊದಲು ಹೆಸರಿನ ಗೊಂದಲ ಬಗೆಹರಿಸೋಣ. ಬಸ್ ನಿಲ್ದಾಣದಲ್ಲಿ, ರೈಲಿನ ಬೋರ್ಡಲ್ಲಿ ನಿಮಗೆ 'ದೊನೊಸ್ತಿಯಾ' ಅಂತ ಕಾಣಿಸುತ್ತೆ. ಬೇರೆ ಊರು ಅಂತ ಅಂದ್ಕೊಂಡು ಬಸ್ ಬಿಟ್ಟುಬಿಡಬೇಡಿ. ಸಾನ್ ಸೆಬಾಸ್ಟಿಯನ್ ಅನ್ನೋದು ಸ್ಪ್ಯಾನಿಷ್ ಹೆಸರು, ದೊನೊಸ್ತಿಯಾ ಅನ್ನೋದು ಬಾಸ್ಕ್ ಹೆಸರು. ಎರಡೂ ಅಧಿಕೃತ. ಮಜಾ ಏನಂದ್ರೆ ಎರಡರ ಅರ್ಥವೂ ಒಂದೇ. 'ಸಂತ ಸೆಬಾಸ್ಟಿಯನ್' ಅನ್ನೋದೇ ಬಾಸ್ಕ್ ಬಾಯಲ್ಲಿ ತಲೆಮಾರುಗಟ್ಟಲೆ ಸವೆದು ಸವೆದು ದೊನೊಸ್ತಿಯಾ ಆಗಿದೆ.

ಬಾಸ್ಕ್ ಭಾಷೆಯನ್ನ ಅಲ್ಲಿನವರು 'ಎವುಸ್ಕರಾ' ಅಂತಾರೆ. ಇದು ಸ್ಪ್ಯಾನಿಷ್‌ನ ಉಪಭಾಷೆ ಅಲ್ಲ. ಸ್ಪ್ಯಾನಿಷ್, ಫ್ರೆಂಚ್, ಇಂಗ್ಲಿಷ್, ಹಿಂದಿ ಇವೆಲ್ಲ ದೂರದ ನೆಂಟರು, ಒಂದೇ ಇಂಡೋ-ಯುರೋಪಿಯನ್ ಕುಟುಂಬ. ಎವುಸ್ಕರಾ ಆ ಕುಟುಂಬಕ್ಕೂ ಸೇರಲ್ಲ, ಇನ್ಯಾವ ಕುಟುಂಬಕ್ಕೂ ಸೇರಲ್ಲ. ಪ್ರಪಂಚದಲ್ಲಿ ಇವತ್ತು ಬದುಕಿರೋ ಯಾವ ಭಾಷೆಗೂ ಅದು ಸಂಬಂಧ ಅಂತ ಯಾರೂ ಸಾಬೀತು ಮಾಡಿಲ್ಲ. ಆಡುವವರು ಎಂಟು ಲಕ್ಷದ ಆಸುಪಾಸು.

ಕನ್ನಡದವರಿಗೆ ಇಲ್ಲೊಂದು ಕುತೂಹಲದ ವಿಷಯ ಇದೆ. ಎವುಸ್ಕರಾದಲ್ಲಿ ಮನೆಗೆ 'ಎಚೆ' ಅಂತಾರೆ. 'ಎಚೆಯನ್' ಅಂದ್ರೆ ಮನೆಯಲ್ಲಿ. 'ಎಚೆರಾ' ಅಂದ್ರೆ ಮನೆಗೆ. 'ಎಚೆತಿಕ್' ಅಂದ್ರೆ ಮನೆಯಿಂದ. ಗಮನಿಸಿದ್ರಾ? ಇಂಗ್ಲಿಷಿನ ಹಾಗೆ ಪದದ ಮುಂದೆ ಇನ್ನೊಂದು ಪದ ಬರಲ್ಲ, ನಮ್ಮ ವಿಭಕ್ತಿ ಪ್ರತ್ಯಯದ ಹಾಗೆ ಪದದ ಬಾಲಕ್ಕೇ ಅಂಟಿಕೊಳ್ಳುತ್ತೆ. ಕ್ರಿಯಾಪದವೂ ಸಾಮಾನ್ಯವಾಗಿ ವಾಕ್ಯದ ಕೊನೆಗೇ ಬರುತ್ತೆ. ಹಾಗಂತ ಕನ್ನಡಕ್ಕೂ ಅದಕ್ಕೂ ಸಂಬಂಧ ಇದೆ ಅಂತ ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡಬೇಡಿ. ಸಂಬಂಧ ಇಲ್ಲ. ಎರಡು ಭಾಷೆಗಳು ತಮ್ಮ ತಮ್ಮ ಪಾಡಿಗೆ ಒಂದೇ ಥರದ ದಾರಿ ಹಿಡಿದಿವೆ, ಅಷ್ಟೇ.

ಈ ಭಾಷೆಯ ವಿಷಯ ಯಾಕೆ ಮುಖ್ಯ ಅಂದ್ರೆ, ಬಾಸ್ಕ್ ಮಾತಾಡುವವರನ್ನ ಅವರ ಭಾಷೆಯಲ್ಲಿ 'ಎವುಸ್ಕಲ್ದುನ್' ಅಂತಾರೆ. ಅದರ ಅರ್ಥ 'ಎವುಸ್ಕರಾ ಉಳ್ಳವನು' ಅಂತ. ಅಂದ್ರೆ ನೀನು ಯಾರು ಅನ್ನೋ ಪ್ರಶ್ನೆಗೆ ಉತ್ತರ ಭಾಷೆಯಲ್ಲೇ ಇದೆ. ಜನರಲ್ ಫ್ರಾಂಕೊನ ಸರ್ವಾಧಿಕಾರದ ಕಾಲದಲ್ಲಿ, 1939ರಿಂದ 1975ರವರೆಗೆ, ಈ ಭಾಷೆಯನ್ನ ಶಾಲೆಯಿಂದ, ಕಚೇರಿಯಿಂದ ಹೊರಗಟ್ಟಲಾಗಿತ್ತು. ಅದರಲ್ಲೂ ಮೊದಲ ವರ್ಷಗಳಲ್ಲಿ ಬೀದಿಯಲ್ಲಿ ಮಾತಾಡೋಕೂ ಜನ ಹೆದರ್ತಿದ್ರು. 1979ರಲ್ಲಿ ಸ್ವಾಯತ್ತತೆ ಸಿಕ್ಕ ಮೇಲೆ ಅದು ಸ್ಪ್ಯಾನಿಷ್ ಜೊತೆ ಅಧಿಕೃತ ಭಾಷೆ ಆಯ್ತು. ಇವತ್ತು ಅಲ್ಲಿನ ಬಹುತೇಕ ಮಕ್ಕಳು ಶಾಲೆಯಲ್ಲಿ ಎವುಸ್ಕರಾದಲ್ಲೇ ಓದ್ತಾರೆ.

ಹಾಗಾಗಿ ಅಂಗಡಿಗೆ ಹೋದಾಗ 'ಓಲಾ' ಬದಲು 'ಕೈಶೋ' ಅನ್ನಿ, ನಮಸ್ಕಾರ ಅಂತ. ಥ್ಯಾಂಕ್ಸ್ ಹೇಳೋಕೆ 'ಎಸ್ಕೆರಿಕ್ ಆಸ್ಕೊ'. ಹೊರಡುವಾಗ 'ಅಗುರ್'. ಹೊರಗಿನವರು ಬಂದು 'ನಮಸ್ಕಾರ, ಚೆನ್ನಾಗಿದೀರಾ' ಅಂದಾಗ ನಮ್ಮ ಮುಖ ಹೇಗೆ ಅರಳುತ್ತೋ, ಅವರದ್ದೂ ಹಾಗೇ.

ಸುಟ್ಟ ಊರು, ಉಳಿದ ಒಂದು ಬೀದಿ

ಆಗಲೇ ಹೇಳಿದ ಲಾ ವಿನ್ಯಾ ಬಾರ್ ಇರೋ ಬೀದಿಯ ಹೆಸರು 'ಆಗಸ್ಟ್ 31ರ ಬೀದಿ'. ಇದು ಯಾವ ದಿನ?

1813ರಲ್ಲಿ ಊರು ನೆಪೋಲಿಯನ್‌ನ ಫ್ರೆಂಚ್ ಸೈನ್ಯದ ವಶದಲ್ಲಿತ್ತು. ಅದನ್ನ ಬಿಡಿಸೋಕೆ ಬಂದಿದ್ದು ಬ್ರಿಟಿಷ್ ಮತ್ತು ಪೋರ್ಚುಗೀಸ್ ಸೈನಿಕರು. ಅವರು ಸ್ಪೇನ್‌ನ ಮಿತ್ರರು. ಆಗಸ್ಟ್ 31ರಂದು ಕೋಟೆ ಗೋಡೆ ಒಡೆದು ಒಳಗೆ ನುಗ್ಗಿದ್ರು. ಆಮೇಲೆ ನಡೆದದ್ದು ಬಿಡುಗಡೆ ಅಲ್ಲ, ಲೂಟಿ. ಜನರನ್ನ ಕೊಂದ್ರು, ಹೆಂಗಸರ ಮೇಲೆ ಅತ್ಯಾಚಾರ ಮಾಡಿದ್ರು, ಬೆಂಕಿ ದಿನಗಟ್ಟಲೆ ಉರಿಯಿತು. ಊರೇ ಬೂದಿ ಆಯ್ತು. ಎರಡು ಚರ್ಚುಗಳು, ಒಂದು ಬೀದಿಯ ಸಾಲುಮನೆಗಳು ಹೆಚ್ಚುಕಡಿಮೆ ಉಳಿದ್ವು. ಅದೇ ಇವತ್ತಿನ ಆಗಸ್ಟ್ 31ರ ಬೀದಿ.

ಆ ಸೈನ್ಯದ ಒಟ್ಟು ದಂಡನಾಯಕ ಯಾರು ಗೊತ್ತಾ? ವೆಲ್ಲಿಂಗ್ಟನ್. ಅಂದ್ರೆ ಆರ್ಥರ್ ವೆಲ್ಲೆಸ್ಲಿ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಇದ್ದು, ಟಿಪ್ಪು ಸುಲ್ತಾನ್ ಸತ್ತ ಮೇಲೆ ಆ ಊರಿನ ಆಡಳಿತ ವಹಿಸಿಕೊಂಡಿದ್ದ ಅದೇ ವೆಲ್ಲೆಸ್ಲಿ. ಶ್ರೀರಂಗಪಟ್ಟಣದಲ್ಲೂ ಕೋಟೆ ಬಿದ್ದ ರಾತ್ರಿ ಲೂಟಿ ನಡೆದಿತ್ತು. ಸಾವಿರಾರು ಮೈಲಿ ದೂರದ ಎರಡು ಊರುಗಳ ಚರಿತ್ರೆಯಲ್ಲಿ ಒಬ್ಬನೇ ಮನುಷ್ಯ ಕಾಣಿಸಿಕೊಳ್ತಾನೆ.

ಊರು ಸುಟ್ಟ ಕೆಲವೇ ದಿನಗಳಲ್ಲಿ ಉಳಿದ ನಾಗರಿಕರು ಹತ್ತಿರದ ಸುಬಿಯೆತಾ ಅನ್ನೋ ಹಳ್ಳಿಯಲ್ಲಿ ಸೇರಿ, ಅದೇ ಜಾಗದಲ್ಲಿ ಮತ್ತೆ ಊರು ಕಟ್ಟೋಣ ಅಂತ ತೀರ್ಮಾನ ಮಾಡಿದ್ರು. ನೀವು ಇವತ್ತು ನೋಡೋ 'ಹಳೇ ಊರು' ಹಾಗೆ ಮತ್ತೆ ಕಟ್ಟಿದ್ದು. ಅದರ ನಡುವೆ ಸಂವಿಧಾನ ಚೌಕ ಅಂತ ಒಂದು ಅಂಗಳ ಇದೆ. ಸುತ್ತಲಿನ ಮನೆಗಳ ಬಾಲ್ಕನಿಗಳ ಮೇಲೆ ನಂಬರ್ ಬರೆದಿರುತ್ತೆ. ಅದು ಮನೆ ನಂಬರ್ ಅಲ್ಲ, ಸೀಟ್ ನಂಬರ್! ಹಿಂದೆ ಅಲ್ಲಿ ಗೂಳಿ ಕಾಳಗ ನಡೀತಿತ್ತು, ಬಾಲ್ಕನಿಗಳನ್ನ ನೋಡುಗರಿಗೆ ಬಾಡಿಗೆಗೆ ಕೊಡ್ತಿದ್ರು. ಹೊರಗಿನವರಿಗೆ ಮನೆಯ ಜಾಗ ಬಾಡಿಗೆ ಕೊಡೋದು ಈ ಊರಿಗೆ ಹೊಸದೇನಲ್ಲ ಅನ್ನಿ.

ರಾಣಿಯ ಚರ್ಮರೋಗದಿಂದ ಸಿನಿಮಾ ಹಬ್ಬದವರೆಗೆ

1845ರ ಬೇಸಿಗೆಯಲ್ಲಿ ಸ್ಪೇನ್‌ನ ರಾಣಿ ಎರಡನೇ ಇಸಾಬೆಲ್ ಇಲ್ಲಿಗೆ ಬಂದಳು. ಆಗಿನ್ನೂ ಹದಿಹರೆಯದ ಹುಡುಗಿ. ಚರ್ಮದ ಕಾಯಿಲೆ ಇತ್ತು, ಸಮುದ್ರಸ್ನಾನ ಮಾಡಿ ಅಂತ ವೈದ್ಯರು ಹೇಳಿದ್ರು. ರಾಣಿ ಬಂದ ಮೇಲೆ ಆಸ್ಥಾನ ಬಂತು, ಆಸ್ಥಾನ ಬಂದ ಮೇಲೆ ಶ್ರೀಮಂತರು ಬಂದ್ರು. 1863ರಲ್ಲಿ ಕೋಟೆ ಗೋಡೆಗಳನ್ನ ಕೆಡವೋಕೆ ಶುರು ಮಾಡಿ, ಅಗಲ ಬೀದಿಗಳ ಹೊಸ ಬಡಾವಣೆ ಕಟ್ಟಿದ್ರು. 1893ರಲ್ಲಿ ರಾಣಿ ಮರಿಯಾ ಕ್ರಿಸ್ತಿನಾ ಸಮುದ್ರದ ಎದುರಿಗೇ ಮಿರಾಮಾರ್ ಅರಮನೆ ಕಟ್ಟಿಸಿದಳು. 1912ರಲ್ಲಿ ಆಕೆಯ ಹೆಸರಿನ ದೊಡ್ಡ ಹೋಟೆಲು ಬಂತು. ಇವತ್ತಿನ ಪುರಸಭೆ ಕಟ್ಟಡ ಇದ್ಯಲ್ಲ, ಬೀಚಿನ ತುದಿಯಲ್ಲಿ ಎರಡು ಗೋಪುರದ ಚೆಂದದ ಕಟ್ಟಡ, ಅದು 1887ರಲ್ಲಿ ಕಟ್ಟಿದ ಕ್ಯಾಸಿನೊ! 1924ರಲ್ಲಿ ಸರ್ಕಾರ ಜೂಜು ನಿಷೇಧಿಸಿದ ಮೇಲೆ ಅದಕ್ಕೆ ಕೆಲಸ ಇಲ್ಲದೆ ಹೋಗಿ, ಕೊನೆಗೆ ಪುರಸಭೆ ಆಯ್ತು.

ಆಮೇಲೆ 1953ರಲ್ಲಿ ಊರಿನ ಕೆಲವು ವರ್ತಕರು ಯೋಚನೆ ಮಾಡಿದ್ರು. ಬೇಸಿಗೆ ಮುಗಿದ ಕೂಡಲೇ ವ್ಯಾಪಾರ ಬಿದ್ದುಹೋಗುತ್ತಲ್ಲ, ಸೆಪ್ಟೆಂಬರ್‌ನಲ್ಲಿ ಏನಾದ್ರೂ ಮಾಡಿದ್ರೆ ಜನ ಇನ್ನೂ ಕೆಲವು ದಿನ ಉಳಿತಾರೆ ಅಂತ. ಹಾಗೆ ಶುರುವಾಗಿದ್ದೇ ಸಾನ್ ಸೆಬಾಸ್ಟಿಯನ್ ಚಲನಚಿತ್ರೋತ್ಸವ. ಇವತ್ತು ಯುರೋಪಿನ ದೊಡ್ಡ ಚಿತ್ರೋತ್ಸವಗಳಲ್ಲಿ ಅದೂ ಒಂದು. ಹಿಚ್‌ಕಾಕ್ 1958ರಲ್ಲಿ 'ವರ್ಟಿಗೊ' ಸಿನಿಮಾ ತಗೊಂಡು ಇಲ್ಲಿಗೆ ಬಂದಿದ್ದರು. ಅತ್ಯುನ್ನತ ಪ್ರಶಸ್ತಿಯ ಹೆಸರು 'ಚಿನ್ನದ ಚಿಪ್ಪು'. ಚಿಪ್ಪು ಯಾಕೆ ಅಂದ್ರೆ, ಊರಿನ ಬೀಚಿನ ಹೆಸರೇ ಲಾ ಕೊಂಚಾ. ಅಂದ್ರೆ ಚಿಪ್ಪು.

ಒಟ್ಟಿನಲ್ಲಿ ರಾಣಿಗೆ, ಶ್ರೀಮಂತರಿಗೆ, ಸಿನಿಮಾದವರಿಗೆ, ಹೀಗೆ ಬರೋರಿಗೋಸ್ಕರ ಈ ಊರು ತನ್ನನ್ನ ತಾನು ಸಿದ್ಧಮಾಡಿಕೊಳ್ಳುತ್ತಾ ಬಂದಿದೆ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಸಮುದ್ರದ ಟೈಮ್‌ಟೇಬಲ್ ನೋಡ್ಕೊಂಡು ಹೋಗಿ

ಈಗ ಊರು ನೋಡೋಣ. ಲಾ ಕೊಂಚಾ ಬೀಚು ಸುಮಾರು ಒಂದೂಕಾಲು ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು ಉದ್ದದ ಕಮಾನು. ಒಂದು ತುದಿಯಲ್ಲಿ ಉರ್ಗುಲ್ ಬೆಟ್ಟ, ಇನ್ನೊಂದು ಕಡೆ ಇಗೆಲ್ಡೊ ಬೆಟ್ಟ, ಕೊಲ್ಲಿಯ ಬಾಯಲ್ಲಿ ಬಾಗಿಲಿಗೆ ಕಾವಲು ನಿಂತ ಹಾಗೆ ಸಾಂತಾ ಕ್ಲಾರಾ ದ್ವೀಪ. ದ್ವೀಪ ಅಲೆಗಳನ್ನ ತಡೆಯೋದರಿಂದ ಒಳಗಿನ ನೀರು ಶಾಂತವಾಗಿರುತ್ತೆ.

ನಮ್ಮ ಕರಾವಳಿಯವರಿಗೂ ಆಶ್ಚರ್ಯ ಆಗೋದು ಅಲ್ಲಿನ ಉಬ್ಬರವಿಳಿತ. ನೀರಿನ ಮಟ್ಟ ಕೆಲವು ದಿನ ನಾಲ್ಕು ಮೀಟರ್‌ನಷ್ಟು ಏರಿ ಇಳಿಯುತ್ತೆ. ಇಳಿತದ ಹೊತ್ತಲ್ಲಿ ಮೈದಾನದಷ್ಟು ಮರಳು, ಹುಡುಗರು ಫುಟ್ಬಾಲ್ ಆಡ್ತಿರ್ತಾರೆ. ಆರು ಗಂಟೆ ಬಿಟ್ಟು ಬಂದ್ರೆ ಮರಳಿನ ಒಂದು ಪಟ್ಟಿ ಮಾತ್ರ ಉಳಿದಿರುತ್ತೆ. ಹಾಗಾಗಿ ಫೋನಲ್ಲಿ ಹವಾಮಾನದ ಜೊತೆ ಉಬ್ಬರವಿಳಿತದ ಸಮಯವನ್ನೂ ನೋಡ್ಕೊಳ್ಳಿ. ಇಳಿತ ಇದ್ದಾಗ ಲಾ ಕೊಂಚಾದಿಂದ ಪಕ್ಕದ ಒಂದಾರೆತಾ ಬೀಚಿಗೆ ಮರಳಿನ ಮೇಲೇ ನಡ್ಕೊಂಡು ಹೋಗಬಹುದು.

ಫುಟ್ಬಾಲ್ ಅಂದೆನಲ್ಲ, ಆರ್ಸೆನಲ್ ಕೋಚ್ ಮಿಕೆಲ್ ಆರ್ತೆತಾ ಹುಟ್ಟಿದ್ದು ಇದೇ ಊರಲ್ಲಿ. 2024ರಲ್ಲಿ ಲೆವರ್ಕುಸೆನ್ ತಂಡವನ್ನ ಜರ್ಮನಿಯ ಚಾಂಪಿಯನ್ ಮಾಡಿದ ಶಾಬಿ ಅಲೊನ್ಸೊ ಬೆಳೆದದ್ದೂ ಇಲ್ಲೇ. ಚಿಕ್ಕವರಿದ್ದಾಗ ಇಬ್ಬರೂ ಆಂತಿಗುವೊಕೊ ಅನ್ನೋ ಬಡಾವಣೆ ಕ್ಲಬ್‌ನಲ್ಲಿ ಒಟ್ಟಿಗೆ ಆಡಿದವರು.

ಒಂದಾರೆತಾ ಬೀಚಿನ ಆಚೆ ತುದಿಗೆ ಹೋದ್ರೆ ಬಂಡೆಗಳಿಗೆ ಕಚ್ಚಿಕೊಂಡ ಹಾಗೆ ಮೂರು ದೊಡ್ಡ ಉಕ್ಕಿನ ಶಿಲ್ಪಗಳು ಕಾಣಿಸುತ್ತವೆ. ಹೆಸರು 'ಗಾಳಿಯ ಬಾಚಣಿಗೆ'. ಮಾಡಿದವರು ಇದೇ ಊರಿನ ಎದುವಾರ್ದೊ ಚಿಯೀದಾ, 1970ರ ದಶಕದಲ್ಲಿ. ಚಿಯೀದಾ ಮೊದಲು ಊರಿನ ತಂಡ ರಿಯಾಲ್ ಸೊಸಿಯೆದಾದ್‌ಗೆ ಗೋಲ್‌ಕೀಪರ್ ಆಗಿದ್ದವರು. ಮಂಡಿಗೆ ಪೆಟ್ಟಾಗಿ ಆಟ ಬಿಟ್ಟು ಶಿಲ್ಪಿಯಾದರು. ಶಿಲ್ಪಗಳ ಮುಂದಿನ ಕಲ್ಲಿನ ಅಂಗಳದಲ್ಲಿ ತೂತುಗಳಿವೆ. ಕೆಳಗೆ ಅಲೆ ಬಡಿದಾಗ ಅವುಗಳಿಂದ ಗಾಳಿ, ಕೆಲವೊಮ್ಮೆ ನೀರು, ಭುಸ್ಸಂತ ಮೇಲೆ ನುಗ್ಗುತ್ತೆ. ಅದು ಚೆನ್ನಾಗಿ ಕಾಣಬೇಕು ಅಂದ್ರೆ ಸಮುದ್ರ ಸ್ವಲ್ಪ ಸಿಟ್ಟಲ್ಲಿರಬೇಕು. ತೀರಾ ಬಿರುಗಾಳಿ ಇದ್ದಾಗ ಮಾತ್ರ ಹೋಗಬೇಡಿ. ಟಿಕೆಟ್ ಇಲ್ಲ, ಗೇಟ್ ಇಲ್ಲ. ಊರಿನ ಜನ ಸಂಜೆ ವಾಕಿಂಗ್‌ಗೆ ಬರೋ ಜಾಗ ಅದು.

ಇಗೆಲ್ಡೊ ಬೆಟ್ಟಕ್ಕೆ ಹತ್ತೋಕೆ 1912ರ ಹಳೇ ಫ್ಯುನಿಕ್ಯುಲರ್ ರೈಲಿದೆ. ರೀಲ್ಸ್‌ನಲ್ಲಿ ಕಾಣೋ ಆ ಚಿಪ್ಪಿನಾಕಾರದ ಬೀಚಿನ ನೋಟ ಅಲ್ಲಿಂದಲೇ. ಹೋಗೋ ಮುಂಚೆ ರೈಲು ಓಡ್ತಿದೆಯಾ ಅಂತ ಒಮ್ಮೆ ನೋಡ್ಕೊಳ್ಳಿ. ಉರ್ಗುಲ್ ಬೆಟ್ಟಕ್ಕೆ ನಡೆದೇ ಹತ್ತಬೇಕು. ಮರಗಳ ನಡುವೆ ಹಳೇ ಕೋಟೆ, ಫಿರಂಗಿ, ಬ್ರಿಟಿಷ್ ಸೈನಿಕರ ಒಂದು ಸ್ಮಶಾನ ಸಿಗುತ್ತೆ.

ನದಿಯ ಆಚೆ ಗ್ರೋಸ್ ಅನ್ನೋ ಬಡಾವಣೆ. ಅಲ್ಲಿನ ಸುರಿಯೋಲಾ ಬೀಚಿಗೆ ದ್ವೀಪದ ರಕ್ಷಣೆ ಇಲ್ಲ, ಅಲೆ ಜೋರು, ಸರ್ಫಿಂಗ್ ಮಾಡೋರೆಲ್ಲ ಅಲ್ಲೇ. ಪಕ್ಕದಲ್ಲೇ ಎರಡು ದೊಡ್ಡ ಗಾಜಿನ ಪೆಟ್ಟಿಗೆ ಇಟ್ಟ ಹಾಗಿರೋದು ಕುರ್ಸಾಲ್ ಸಭಾಂಗಣ. ರಫಾಯೆಲ್ ಮೊನೇಯೊ ವಿನ್ಯಾಸ ಮಾಡಿದ್ದು, 1999ರಲ್ಲಿ ಶುರುವಾಯ್ತು. ಚಿತ್ರೋತ್ಸವ ನಡೆಯೋದು ಮುಖ್ಯವಾಗಿ ಇಲ್ಲೇ.

ಒಂದು ಬಾರು, ಒಂದು ತಿಂಡಿ, ಮುಂದಕ್ಕೆ ನಡಿ

ಊಟಕ್ಕೆ ಬರೋಣ. ಇಲ್ಲಿನ ವಿಶೇಷ ಪಿಂಚೋ. ಒಂದು ತುಂಡು ಬ್ರೆಡ್ ಮೇಲೆ ಏನಾದ್ರೂ ಇಟ್ಟು ಕಡ್ಡಿ ಚುಚ್ಚಿರೋ ಸಣ್ಣ ತಿಂಡಿ ಅಂತ ಶುರುವಾಗಿದ್ದು, ಈಗ ನೂರಾರು ಥರ ಇದೆ. ಸಾಮಾನ್ಯವಾಗಿ ಒಂದಕ್ಕೆ 3ರಿಂದ 5 ಯೂರೊ.

ಕ್ರಮ ಹೀಗಿದೆ. ಒಂದೇ ಬಾರಲ್ಲಿ ಕೂತು ಹೊಟ್ಟೆ ತುಂಬ ತಿನ್ನೋದಲ್ಲ. ನಿಂತ್ಕೊಂಡೇ ಒಂದೋ ಎರಡೋ ತಿಂದು, ಏನಾದ್ರೂ ಕುಡಿದು, ಮುಂದಿನ ಬಾರಿಗೆ ಹೋಗೋದು. ನಮ್ಮಲ್ಲಿ ಫುಡ್ ಸ್ಟ್ರೀಟಲ್ಲಿ ಒಂದು ಕಡೆ ದೋಸೆ, ಇನ್ನೊಂದು ಕಡೆ ಚುರುಮುರಿ ತಿಂದ ಹಾಗೆ. ಕೌಂಟರ್ ಮೇಲೆ ಜೋಡಿಸಿಟ್ಟಿರೋದು ತಣ್ಣಗಿನ ಪಿಂಚೋ. ಬಿಸಿಯಾದದ್ದು ಬೇಕಂದ್ರೆ ಗೋಡೆ ಮೇಲಿನ ಬೋರ್ಡ್ ನೋಡಿ ಆರ್ಡರ್ ಮಾಡಬೇಕು, ಅಡುಗೆಮನೆಯಿಂದ ಮಾಡಿ ಕೊಡ್ತಾರೆ. ಅಲ್ಲಿನವರು ಹೆಚ್ಚಾಗಿ ಅದನ್ನೇ ತಿನ್ನೋದು. ಕೆಲವು ಬಾರುಗಳಲ್ಲಿ ತಿಂದ ಮೇಲೆ ಎಷ್ಟು ತಿಂದ್ರಿ ಅಂತ ಕೇಳಿ ಲೆಕ್ಕ ಹಾಕ್ತಾರೆ. ನಿಮ್ಮ ಮಾತೇ ಬಿಲ್ಲು. ಸುಳ್ಳು ಹೇಳಬೇಡಿ ಅಂತ ನಾವು ಹೇಳಬೇಕಾಗಿಲ್ಲ.

ಅತಿ ಪ್ರಸಿದ್ಧ ಪಿಂಚೋ 'ಹಿಲ್ಡಾ'. ಆಲಿವ್, ಹಸಿಮೆಣಸಿನ ಉಪ್ಪಿನಕಾಯಿ, ಆಂಚೊವಿ ಮೀನು, ಮೂರನ್ನೂ ಒಂದು ಕಡ್ಡಿಗೆ ಚುಚ್ಚಿರೋದು. 1946ರಲ್ಲಿ ಬಂದ ರೀಟಾ ಹೇವರ್ತ್ ಅಭಿನಯದ 'ಗಿಲ್ಡಾ' ಸಿನಿಮಾದ ಹೆಸರೇ ಅದಕ್ಕೆ. ಗ ಅಕ್ಷರವನ್ನ ಸ್ಪ್ಯಾನಿಷ್‌ನವರು ಇಲ್ಲಿ ಹ ಅಂತ ಓದ್ತಾರೆ.

ಸಸ್ಯಾಹಾರಿಗಳಿಗೆ ನಿಜ ಹೇಳಿಬಿಡ್ತೀವಿ, ಕಷ್ಟ ಇದೆ, ಆದ್ರೆ ಉಪವಾಸ ಬೀಳಲ್ಲ. ಮೀನು, ಹಂದಿಮಾಂಸ ಎಲ್ಲದರಲ್ಲೂ ನುಸುಳಿರುತ್ತೆ. 'ವೆಜಿಟೇರಿಯನ್' ಅಂದ್ರೆ ಸಲಾಡ್ ಮೇಲೆ ಟ್ಯೂನಾ ಹಾಕಿ ಕೊಡೋದೂ ಉಂಟು. ಹಾಗಾಗಿ ಬಿಡಿಸಿ ಹೇಳಿ: 'ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಹಾಮೋನ್'. ಮಾಂಸ ಬೇಡ, ಮೀನು ಬೇಡ, ಹಂದಿಮಾಂಸವೂ ಬೇಡ ಅಂತ. ಮೊಟ್ಟೆ ತಿನ್ನೋರಾದ್ರೆ ಆಲೂಗಡ್ಡೆ ಹಾಕಿದ ದಪ್ಪ ಆಮ್ಲೆಟ್, ಅಂದ್ರೆ ತೊರ್ತಿಯಾ ಎಲ್ಲ ಕಡೆ ಸಿಗುತ್ತೆ. ಎಣ್ಣೆಯಲ್ಲಿ ಹುರಿದು ಉಪ್ಪು ಉದುರಿಸಿದ ಹಸಿ ಮೆಣಸಿನಕಾಯಿ, ಅಣಬೆ ಸಿಗುತ್ತೆ. ಹತ್ತಿರದ ಹಳ್ಳಿಗಳ ಇದಿಯಾಸಾಬಲ್ ಅನ್ನೋ ಕುರಿಹಾಲಿನ ಚೀಸ್ ಚೆನ್ನಾಗಿರುತ್ತೆ, ಆದ್ರೆ ಹಾಲು ಒಡೆಯೋಕೆ ಸಾಂಪ್ರದಾಯಿಕವಾಗಿ ಕುರಿಮರಿಯ ಹೊಟ್ಟೆಯ ರೆನೆಟ್ ಬಳಸ್ತಾರೆ. ಕಟ್ಟುನಿಟ್ಟಿನವರು ಗಮನಿಸಿ.

ಟೈಮಿಂಗೂ ಮುಖ್ಯ. ಮಧ್ಯಾಹ್ನದ ಊಟ ಒಂದೂವರೆಯಿಂದ ಮೂರೂವರೆ, ರಾತ್ರಿ ಊಟ ಎಂಟೂವರೆ ಆದಮೇಲೆ. ಸಂಜೆ ಆರಕ್ಕೆ ಊಟ ಹುಡುಕಿದ್ರೆ ಅಡುಗೆಮನೆ ಮುಚ್ಚಿರುತ್ತೆ.

ಆ ಬೀದಿಗಳಲ್ಲಿ ನಡೆದ ಇನ್ನೊಂದು ಚರಿತ್ರೆ

ಈ ಸಡಗರದ ಬೀದಿಗಳಿಗೆ ಇನ್ನೊಂದು ನೆನಪೂ ಇದೆ. ಫ್ರಾಂಕೊ ಪ್ರತಿ ಬೇಸಿಗೆ ಇದೇ ಊರಿನ ಅಯೆತೆ ಅರಮನೆಗೆ ಬಂದು ತಂಗ್ತಿದ್ದ. ಅವನ ಆಳ್ವಿಕೆಯಲ್ಲೇ, 1959ರಲ್ಲಿ, ಬಾಸ್ಕ್ ಸ್ವಾತಂತ್ರ್ಯ ಬೇಕು ಅಂತ 'ಇಟಿಎ' ಅನ್ನೋ ಸಂಘಟನೆ ಹುಟ್ಟಿತು. ಆಮೇಲೆ ಅದು ಬಂದೂಕು ಹಿಡೀತು. ಸರ್ವಾಧಿಕಾರ ಮುಗಿದು ಪ್ರಜಾಪ್ರಭುತ್ವ ಬಂದ ಮೇಲೂ ಬಿಡಲಿಲ್ಲ. ಒಟ್ಟು 800ಕ್ಕೂ ಹೆಚ್ಚು ಜನರನ್ನ ಕೊಂದಿತು. 1995ರ ಜನವರಿಯಲ್ಲಿ ಊರಿನ ಉಪಮೇಯರ್ ಗ್ರೆಗೋರಿಯೊ ಒರ್ದೊನ್ಯೆಸ್ ಅವರನ್ನ ಹಳೇ ಊರಿನ ಬಾರೊಂದರಲ್ಲಿ ಊಟ ಮಾಡ್ತಿದ್ದಾಗಲೇ ಗುಂಡಿಟ್ಟು ಕೊಂದರು. ಇನ್ನೊಂದು ಕಡೆ 1980ರ ದಶಕದಲ್ಲಿ ಸರ್ಕಾರದೊಳಗಿನವರ ಬೆಂಬಲದ ರಹಸ್ಯ ಕೊಲೆ ತಂಡವೂ ಬಾಸ್ಕರನ್ನ ಕೊಂದಿದೆ. ಇಟಿಎ 2011ರಲ್ಲಿ ಶಸ್ತ್ರ ಕೆಳಗಿಡ್ತೀವಿ ಅಂತ ಘೋಷಿಸಿತು. ಅದಕ್ಕೆ ಮುಂಚೆ ಅಂತಾರಾಷ್ಟ್ರೀಯ ಸಮಾವೇಶ ನಡೆದದ್ದು ಅದೇ ಅಯೆತೆ ಅರಮನೆಯಲ್ಲಿ. 2018ರಲ್ಲಿ ಸಂಘಟನೆ ವಿಸರ್ಜನೆ ಆಯ್ತು.

ಅಂದ್ರೆ ಬಾರಲ್ಲಿ ನಿಮಗೆ ಪಿಂಚೋ ಕೊಡೋ ನಲವತ್ತು ದಾಟಿದ ಯಾರಿಗೇ ಆಗಲಿ ಆ ದಿನಗಳು ನೆನಪಿರುತ್ತೆ. ಬಹಳ ಮನೆಗಳಲ್ಲಿ ಇದರ ಬಗ್ಗೆ ಮಾತಾಡೋದು ಇವತ್ತಿಗೂ ಸುಲಭ ಅಲ್ಲ. ಪರಿಚಯ ಇಲ್ಲದವರನ್ನ 'ನೀವು ಯಾವ ಕಡೆ' ಅಂತ ಕೇಳೋಕೆ ಹೋಗಬೇಡಿ. ತಿಳ್ಕೋಬೇಕು ಅಂದ್ರೆ ಇದೇ ಊರಲ್ಲಿ ಹುಟ್ಟಿದ ಫೆರ್ನಾಂದೊ ಅರಂಬುರು ಬರೆದ 'ಪಾತ್ರಿಯಾ' ಕಾದಂಬರಿ ಇದೆ, 2020ರಲ್ಲಿ ಅದು ಸೀರೀಸ್ ಕೂಡ ಆಗಿದೆ. ಗೆಳೆತನ ಇದ್ದ ಎರಡು ಕುಟುಂಬಗಳು ಈ ಹಿಂಸೆಯಿಂದ ಹೇಗೆ ಒಡೆದುಹೋದವು ಅನ್ನೋ ಕಥೆ.

ಮನೆ ಯಾರಿಗೆ?

ಹಿಂಸೆ ನಿಂತ ಮೇಲೆ ಪ್ರವಾಸಿಗರು ಇನ್ನೂ ಹೆಚ್ಚಿದ್ರು. ಜೊತೆಗೆ ಮೊಬೈಲ್ ಆ್ಯಪಲ್ಲಿ ಮನೆ ಬುಕ್ ಮಾಡೋ ಕಾಲ ಬಂತು. ಈಗ ಒಂದು ಮನೆಯ ಮಾಲೀಕರ ಜಾಗದಲ್ಲಿ ನಿಂತು ಲೆಕ್ಕ ಹಾಕಿ. ಹಳೇ ಊರಲ್ಲಿ ನಿಮ್ಮದೊಂದು ಫ್ಲ್ಯಾಟ್ ಇದೆ. ಅಲ್ಲಿನ ನರ್ಸ್‌ಗೋ ಟೀಚರ್‌ಗೋ ತಿಂಗಳ ಬಾಡಿಗೆಗೆ ಕೊಡ್ತೀರಾ, ಇಲ್ಲಾ ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಡ್ತೀರಾ? ಒಬ್ಬರು ಹೀಗೆ ಮಾಡಿದ್ರೆ ಏನೂ ಆಗಲ್ಲ. ಬೀದಿಯೇ ಹೀಗೆ ಮಾಡಿದ್ರೆ ಬೀದಿಯಲ್ಲಿ ವಾಸ ಇರೋರೇ ಇರಲ್ಲ. ದಿನಸಿ ಅಂಗಡಿ ಹೋಗಿ ಸುವನಿರ್ ಅಂಗಡಿ ಬರುತ್ತೆ. ಮಕ್ಕಳಿಲ್ಲದೆ ಶಾಲೆ ಸೊರಗುತ್ತೆ. ಆ ಬೀದಿಯಲ್ಲಿ ಕೇಳ್ತಿದ್ದ ಎವುಸ್ಕರಾ ಕೂಡ ಕೇಳದ ಹಾಗಾಗುತ್ತೆ.

ಈ ಊರಿನ ಬೆಟ್ಟ, ಸಮುದ್ರಗಳ ನಡುವಿನ ಜಾಗವೂ ಚಿಕ್ಕದು, ಹಿಗ್ಗೋಕೆ ಅವಕಾಶ ಇಲ್ಲ. ಸ್ಪೇನ್‌ನಲ್ಲೇ ಮನೆ ಬೆಲೆ ಅತಿ ದುಬಾರಿಯಾದ ನಗರಗಳಲ್ಲಿ ಇದೂ ಒಂದು. ಇಲ್ಲೇ ಹುಟ್ಟಿ, ಇಲ್ಲೇ ಕೆಲಸ ಮಾಡೋ ಯುವಕರು ಪಕ್ಕದ ಊರುಗಳಲ್ಲಿ ಮನೆ ಹುಡುಕ್ತಿದ್ದಾರೆ.

ಪುರಸಭೆ ಕೈಕಟ್ಟಿ ಕೂತಿಲ್ಲ. 2018ರಲ್ಲೇ ನಿಯಮ ತಂದು, ಹಳೇ ಊರನ್ನ ಭರ್ತಿಯಾದ ವಲಯ ಅಂತ ಗುರುತಿಸಿ ಹೊಸ ಪ್ರವಾಸಿ ಫ್ಲ್ಯಾಟ್‌ಗಳಿಗೆ ತಡೆ ಹಾಕಿತು. 2023ರಿಂದ ನಗರದ ನಡುವೆ ಗೈಡ್ ಜೊತೆ ಸುತ್ತೋ ಗುಂಪಲ್ಲಿ 25ಕ್ಕಿಂತ ಹೆಚ್ಚು ಜನ ಇರಬಾರದು, ಮೈಕ್ ಬಳಸಬಾರದು ಅಂತ ನಿಯಮ ಮಾಡಿತು. ಆದ್ರೂ ಜನರ ಬೇಸರ ತಣ್ಣಗಾಗಿಲ್ಲ. 2025ರ ಜೂನ್ 15ರಂದು ಬಾರ್ಸಿಲೋನಾ, ಲಿಸ್ಬನ್ ಮುಂತಾದ ದಕ್ಷಿಣ ಯುರೋಪಿನ ನಗರಗಳಲ್ಲಿ ಒಂದೇ ದಿನ ಅತಿಯಾದ ಪ್ರವಾಸೋದ್ಯಮದ ವಿರುದ್ಧ ಪ್ರತಿಭಟನೆ ನಡೆದಾಗ ಸಾನ್ ಸೆಬಾಸ್ಟಿಯನ್‌ನವರೂ ಬೀದಿಗಿಳಿದ್ರು.

ಇದಕ್ಕೆ ಉತ್ತರ ಸುಲಭ ಇಲ್ಲ. ಬಾರುಗಳು, ಹೋಟೆಲುಗಳು, ಟ್ಯಾಕ್ಸಿಯವರು ಬದುಕ್ತಿರೋದು ಪ್ರವಾಸಿಗರಿಂದಲೇ. ಬಾಗಿಲು ಮುಚ್ಚಿದ್ರೆ ಅವರ ಕೆಲಸ ಹೋಗುತ್ತೆ, ಪೂರ್ತಿ ತೆರೆದಿಟ್ರೆ ಅವರಿಗೇ ಇರೋಕೆ ಜಾಗ ಇರಲ್ಲ. ಕೊಡಗು, ಗೋಕರ್ಣದ ಕಡೆಯವರಿಗೆ ಈ ಮಾತು ವಿವರಿಸಿ ಹೇಳಬೇಕಾಗಿಲ್ಲ.

ಹಾಗಾದ್ರೆ ಹೇಗೆ ಹೋಗೋದು?

ಮೊದಲು ವೀಸಾ. ಭಾರತೀಯ ಪಾಸ್‌ಪೋರ್ಟ್ ಇರೋರಿಗೆ ಷೆಂಗೆನ್ ವೀಸಾ ಬೇಕು. ದೊಡ್ಡವರಿಗೆ ಶುಲ್ಕ 90 ಯೂರೊ, ಜೊತೆಗೆ ಅರ್ಜಿ ಕೇಂದ್ರದ ಸೇವಾಶುಲ್ಕ. ಕನಿಷ್ಠ 30,000 ಯೂರೊ ಮೊತ್ತದ ಟ್ರಾವೆಲ್ ಇನ್ಶೂರೆನ್ಸ್ ಕಡ್ಡಾಯ. ಪ್ರವಾಸಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಫ್ರಾನ್ಸ್ ಮತ್ತು ಸ್ಪೇನ್ ಎರಡಕ್ಕೂ ಹೋಗೋರು ನೆನಪಿಡಿ, ಎಲ್ಲಿ ಹೆಚ್ಚು ದಿನ ಇರ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು.

ವಿಮಾನದಲ್ಲಿ ಹೋಗೋಕೆ ಅನುಕೂಲ ಬಿಲ್ಬಾವೊ. ಅಲ್ಲಿನ ವಿಮಾನ ನಿಲ್ದಾಣದಿಂದ ನೇರ ಬಸ್ಸಿದೆ, ಸುಮಾರು ಒಂದೂಕಾಲು ಗಂಟೆ. ಮ್ಯಾಡ್ರಿಡ್‌ನಿಂದ ರೈಲಲ್ಲಿ ಬರೋದಾದ್ರೆ ಐದಾರು ಗಂಟೆ. ಫ್ರಾನ್ಸ್ ಕಡೆಯಿಂದ ಬಂದ್ರೆ ಗಡಿ ಊರು ಅಂದಾಯ್‌ನಿಂದ 'ತೋಪೊ' ಅನ್ನೋ ಸಣ್ಣ ರೈಲು ಸಿಗುತ್ತೆ. ತೋಪೊ ಅಂದ್ರೆ ನೆಲ ಕೊರೆಯೋ ಮೋಲ್ ಪ್ರಾಣಿ. ದಾರಿಯುದ್ದಕ್ಕೂ ಸುರಂಗ, ಅದಕ್ಕೇ ಆ ಹೆಸರು.

ಯಾವಾಗ ಹೋಗಬೇಕು? ಆಗಸ್ಟ್ ಬಿಟ್ಟುಬಿಡಿ. ರಜೆ, ಜಾತ್ರೆ, ಪಟಾಕಿ ಪ್ರದರ್ಶನ ಎಲ್ಲ ಸೇರಿ ಊರು ಉಸಿರಾಡಲ್ಲ. ಸೆಪ್ಟೆಂಬರ್ ಕೊನೆಗೆ ಚಿತ್ರೋತ್ಸವ ಇರೋವಾಗ ರೂಮಿನ ದರ ಕೇಳಬೇಡಿ. ಮೇ, ಜೂನ್ ಮೊದಲ ವಾರಗಳು, ಅಕ್ಟೋಬರ್ ಒಳ್ಳೇದು. ಯಾವಾಗ ಹೋದ್ರೂ ಮಳೆಕೋಟು ಇರಲಿ. ವರ್ಷಕ್ಕೆ 1,500 ಮಿಲಿಮೀಟರ್ ಆಸುಪಾಸು ಮಳೆ. ನಮ್ಮ ಮಂಗಳೂರಿಗೆ ಬೀಳೋದರ ಅರ್ಧಕ್ಕಿಂತ ಕಡಿಮೆ, ಆದ್ರೆ ಅದು ನಾಲ್ಕು ತಿಂಗಳಲ್ಲಿ ಸುರಿದು ನಿಲ್ಲಲ್ಲ, ಹನ್ನೆರಡು ತಿಂಗಳೂ ಹಂಚಿಕೊಂಡು ಬೀಳುತ್ತೆ. ನಮ್ಮ ಸೋನೆಮಳೆಯಂಥ ಜಿನುಗಿಗೆ ಅಲ್ಲಿನವರು 'ಸಿರಿಮಿರಿ' ಅಂತಾರೆ.

ಚಳಿ ತಡೆಯೋಕೆ ಆಗುತ್ತೆ ಅಂದ್ರೆ ಜನವರಿ 20ಕ್ಕೆ ಹೋಗಿ. ಅದು ಊರಿನ ಸಂತನ ದಿನ. 19ರ ಮಧ್ಯರಾತ್ರಿ ಸಂವಿಧಾನ ಚೌಕದಲ್ಲಿ ಬಾವುಟ ಏರಿಸಿದ ಕೂಡಲೇ ಡ್ರಮ್ ಬಾರಿಸೋಕೆ ಶುರು ಮಾಡಿದ್ರೆ, 24 ಗಂಟೆ ನಿಲ್ಲಲ್ಲ. ಅಡುಗೆಯವರ ಬಿಳಿ ಬಟ್ಟೆ ಹಾಕಿದವರು, ಹಳೇ ಕಾಲದ ಸೈನಿಕರ ವೇಷದವರು, ಶಾಲೆ ಮಕ್ಕಳು, ಎಲ್ಲರೂ ತಂಡ ಕಟ್ಟಿಕೊಂಡು ಬೀದಿ ಬೀದಿಯಲ್ಲಿ ಬಾರಿಸ್ತಾರೆ. ಇದಕ್ಕೆ 'ತಂಬೊರಾದಾ' ಅಂತ ಹೆಸರು. ಚಿತ್ರೋತ್ಸವ ಬರೋರಿಗೋಸ್ಕರ ಹುಟ್ಟಿದ್ದು. ಇದು ಊರಿನವರು ತಮಗೋಸ್ಕರ ಮಾಡ್ಕೊಳ್ಳೋದು.

ಉಳ್ಕೊಳ್ಳೋಕೆ ಹಳೇ ಊರಿನ ಫ್ಲ್ಯಾಟ್ ಬದಲು ಹೋಟೆಲೋ ಹಾಸ್ಟೆಲೋ ನೋಡಿ. ಫ್ಲ್ಯಾಟೇ ಬೇಕಾದ್ರೆ ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ಇದೆಯಾ ಅಂತ ಪರೀಕ್ಷಿಸಿ. ಅರ್ಧ ದಿನ ಬಂದು ಫೋಟೊ ತೆಗೆದು ಹೋಗೋದರ ಬದಲು ಮೂರು ರಾತ್ರಿ ಇರಿ. ಒಂದು ದಿನ ಉಲಿಯಾ ಬೆಟ್ಟದ ದಾರಿ ಹಿಡಿದು ಸಮುದ್ರದ ಅಂಚಲ್ಲೇ ನಡೆದು ಪಕ್ಕದ ಬಂದರು ಊರು ಪಸಾಯಿಯಾಗೆ ಹೋಗಿ, ಎರಡು ಮೂರು ಗಂಟೆಯ ನಡಿಗೆ. 16ನೇ ಶತಮಾನದಲ್ಲಿ ತಿಮಿಂಗಿಲ ಬೇಟೆಗೆ ಕೆನಡಾ ತೀರಕ್ಕೆ ಹೋಗಿ ಮುಳುಗಿದ 'ಸಾನ್ ಹುವಾನ್' ಹಡಗನ್ನ ಹಳೇ ವಿಧಾನದಲ್ಲೇ ಮತ್ತೆ ಕಟ್ಟಿರೋ ಕಾರ್ಖಾನೆ ಅಲ್ಲಿದೆ. ಆ ದಿನದ ಊಟವನ್ನೂ ಅಲ್ಲೇ ಮಾಡಿ. ದುಡ್ಡು ಒಂದೇ ಬೀದಿಗೆ ಹೋಗೋ ಬದಲು ನಾಲ್ಕು ಕಡೆ ಹಂಚಿಹೋಗುತ್ತೆ.

ನೀವೊಬ್ಬರು ಹೀಗೆ ಮಾಡಿದ್ರೆ ಆ ಊರಿನ ಮನೆ ಬಾಡಿಗೆ ಇಳಿಯಲ್ಲ, ಅದು ಕಾನೂನು ಮಾಡೋರ ಕೆಲಸ. ಆದ್ರೆ ರಾತ್ರಿ ಹನ್ನೊಂದಕ್ಕೆ ಬೀದಿಯಲ್ಲಿ ನಿಂತು ಜೋರಾಗಿ ನಗೋವಾಗ, ಮೇಲಿನ ಬಾಲ್ಕನಿಯ ಹಿಂದೆ ಬೆಳಗ್ಗೆ ಆರಕ್ಕೆ ಕೆಲಸಕ್ಕೆ ಹೋಗಬೇಕಾದವರು ಮಲಗಿರ್ತಾರೆ ಅನ್ನೋದು ಗೊತ್ತಿದ್ರೆ, ದನಿ ತಾನಾಗೇ ತಗ್ಗುತ್ತೆ. ಅಲ್ಲಿಂದ ಶುರು ಮಾಡಬಹುದು.

ನಿಮ್ಮ ಊರಲ್ಲೂ ಹೀಗೇ ಆಗ್ತಿದೆಯಾ? ಪ್ರವಾಸಿಗರು ಬಂದ ಮೇಲೆ ಏನು ಬದಲಾಯ್ತು, ಒಳ್ಳೇದೋ ಕೆಟ್ಟದ್ದೋ, ನಮಗೆ ಬರೆದು ಕಳಿಸಿ. ಮತ್ತೆ ಸಿಗೋಣ, ಅಗುರ್.